ಮೌಸ್ ಬದಿಗಿಟ್ಟು ಒಂದು ವರ್ಷ: ವಿಂಡೋಸ್ 11ರ ಶಾರ್ಟ್‌ಕಟ್ ಕೀಗಳು ನನ್ನ ಲೆಕ್ಕದ ಮೇಜಿನ ಮೇಲೆ

ರಾಜಾಜಿನಗರದಲ್ಲಿ ನಮ್ಮ ಮನೆಯ ಮುಂದಿನ ರೂಮೇ ನನ್ನ ಆಫೀಸು. ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆಯ ಬಟ್ಟೆ ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಫೈಲ್ ಮಾಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಜೊತೆಗೆ ಒಬ್ಬಳು ಹುಡುಗಿ ಇದ್ದಾಳೆ, ಬಿ.ಕಾಂ. ಮುಗಿಸಿ ನೇರ ನನ್ನ ಹತ್ತಿರ ಬಂದವಳು.

ನಮ್ಮ ತಿಂಗಳು ಬೇರೆಯವರ ತಿಂಗಳಿನ ಹಾಗಲ್ಲ. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ವಿವರ ಹೋಗಬೇಕು. 14ಕ್ಕೆ 2ಬಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ ಬರುತ್ತದೆ. 20ರೊಳಗೆ 3ಬಿ, ಅಂದರೆ ಆ ತಿಂಗಳ ಟ್ಯಾಕ್ಸ್ ಲೆಕ್ಕದ ರಿಟರ್ನ್ ಮುಗಿಯಬೇಕು. 14ರಿಂದ 20ರವರೆಗೆ ನನ್ನ ಕಂಪ್ಯೂಟರ್ ಪರದೆ ಸಂತೆಯೇ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಒಂದು, ಎಕ್ಸೆಲ್ ಮೂರೋ ನಾಲ್ಕೋ, ಜಿಎಸ್‌ಟಿ ಪೋರ್ಟಲ್, ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್, ಅಂಗಡಿಯವರು ಬಿಲ್ಲಿನ ಫೋಟೋ ಕಳಿಸುವ ವಾಟ್ಸಾಪ್, ಮತ್ತೆ ಕ್ಯಾಲ್ಕುಲೇಟರ್. ಒಂಬತ್ತು ಹತ್ತು ವಿಂಡೋ ಯಾವಾಗಲೂ ತೆರೆದೇ ಇರುತ್ತವೆ.

ಇವನ್ನೆಲ್ಲ ಕೀಬೋರ್ಡಿನಿಂದಲೇ ಓಡಾಡಿಸಲು ವಿಂಡೋಸ್‌ನಲ್ಲಿ ಇರುವ ಶಾರ್ಟ್‌ಕಟ್‌ಗಳನ್ನು ಒಂದು ವರ್ಷ ಮನಸ್ಸಿಟ್ಟು ಬಳಸಿದ್ದೇನೆ. ದುಡ್ಡು ಕೊಟ್ಟು ತಂದದ್ದಲ್ಲ, ಕಂಪ್ಯೂಟರ್ ಜೊತೆಗೇ ಬಂದದ್ದು. ಆದರೂ ಇದಕ್ಕೊಂದು ವಿಮರ್ಶೆ ಬೇಕು ಅನ್ನಿಸಿತು. ನನ್ನ ಹಾಗೆ ಲೆಕ್ಕದ ಕೆಲಸ ಮಾಡುವ ಎಷ್ಟೋ ಜನಕ್ಕೆ ಇದು ತಮ್ಮ ಮೇಜಿನ ಮೇಲೇ ಇದೆ ಅನ್ನುವುದು ಗೊತ್ತಿಲ್ಲ.

ಶುರುವಾದದ್ದು ಒಂದು ತಪ್ಪಿನಿಂದ. ಅಣ್ಣ ತಮ್ಮ ಇಬ್ಬರು ಒಂದೇ ಅಂಗಡಿ ನಡೆಸುತ್ತಿದ್ದವರು, ಬೇರೆಯಾದರು. ಅಂಗಡಿಯ ಹೆಸರು ಮಾತ್ರ ಇಬ್ಬರೂ ಬಿಡಲಿಲ್ಲ. ಒಬ್ಬರ ಹೆಸರಿನ ಕೊನೆಗೆ 'ಟೆಕ್ಸ್‌ಟೈಲ್ಸ್', ಇನ್ನೊಬ್ಬರದಕ್ಕೆ 'ಟೆಕ್ಸ್'. ಇಬ್ಬರ ಜಿಎಸ್‌ಟಿ ನಂಬರೂ ಕರ್ನಾಟಕದ್ದಾದ್ದರಿಂದ 29ರಿಂದಲೇ ಶುರು. ಎರಡೂ ಎಕ್ಸೆಲ್ ಫೈಲ್ ನಾನೇ ಮಾಡಿದ್ದು, ಒಂದೇ ಬಣ್ಣ, ಒಂದೇ ಕಾಲಂ. ಒಂದು 19ನೇ ತಾರೀಖು ರಾತ್ರಿ ಅಣ್ಣನ ವಿಂಡೋದಿಂದ ಇನ್‌ಪುಟ್ ಟ್ಯಾಕ್ಸ್, ಅಂದರೆ ಖರೀದಿಯ ಮೇಲೆ ಕೊಟ್ಟ ಟ್ಯಾಕ್ಸಿನ ಅಂಕಿ ತೆಗೆದುಕೊಂಡು ತಮ್ಮನ 3ಬಿಗೆ ತುಂಬಿದೆ. ಕೆಳಗೆ ಟಾಸ್ಕ್‌ಬಾರ್‌ನಲ್ಲಿ ಹಸಿರು ಎಕ್ಸೆಲ್ ಚಿತ್ರದ ಮೇಲೆ ಮೌಸ್ ಇಟ್ಟಾಗ ಪುಟ್ಟ ಪುಟ್ಟ ವಿಂಡೋ ಸಾಲಾಗಿ ಬಂದವು. ಅದರಲ್ಲಿ ಯಾವುದೋ ಒಂದನ್ನು ಒತ್ತಿದ್ದೆ, ಅಷ್ಟೇ.

ಹುಡುಗಿ ಪಕ್ಕದಲ್ಲಿ ಕೂತು ಫೈಲ್ ಮಾಡುವ ಮುಂಚಿನ ಪ್ರಿವ್ಯೂ ನೋಡುತ್ತಿದ್ದಳು. "ಮೇಡಂ, ಇವರು ಈ ತಿಂಗಳು ಇಷ್ಟೊಂದು ಪರ್ಚೇಸ್ ಮಾಡಿಲ್ಲ ಅಲ್ವಾ?" ಅಂದಳು. ಒಂದು ಸಲ ಫೈಲ್ ಆದ 3ಬಿಯನ್ನು ವಾಪಸ್ ತಿದ್ದಲು ಬರುವುದಿಲ್ಲ, ಮುಂದಿನ ತಿಂಗಳುಗಳಲ್ಲಿ ಸರಿಮಾಡಿಕೊಳ್ಳಬೇಕು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೇರೆಯವರ ದುಡ್ಡಿನ ಲೆಕ್ಕ ನಮ್ಮ ಕೈಯಲ್ಲಿ ಇರುತ್ತದೆ. ಅದು ವಿಂಡೋ ಗೊಂದಲದಿಂದ ತಪ್ಪುವುದಾದರೆ ವಿಂಡೋಗಳನ್ನೇ ಸರಿಯಾಗಿ ಇಟ್ಟುಕೊಳ್ಳಲು ಕಲಿಯಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಕಲಿತದ್ದು ವಿಂಡೋಸ್ ಕೀ ಮತ್ತು ಬಾಣದ ಕೀ. ಕೀಬೋರ್ಡಿನ ಎಡ ಮೂಲೆಯಲ್ಲಿ ಕಂಟ್ರೋಲ್ ಮತ್ತು ಆಲ್ಟ್ ನಡುವೆ ನಾಲ್ಕು ಚೌಕದ ಗುರುತಿರುವ ಕೀ ಇದೆಯಲ್ಲ, ಅದೇ ವಿಂಡೋಸ್ ಕೀ. ಅದನ್ನು ಹಿಡಿದು ಎಡ ಬಾಣ ಒತ್ತಿದರೆ ಎದುರಿಗಿರುವ ವಿಂಡೋ ಪರದೆಯ ಎಡ ಅರ್ಧಕ್ಕೆ ಹೋಗಿ ಕೂರುತ್ತದೆ. ಬಲ ಅರ್ಧದಲ್ಲಿ ಉಳಿದ ವಿಂಡೋಗಳು ಚಿಕ್ಕದಾಗಿ ಕಾಣುತ್ತವೆ. ಬಾಣದಿಂದಲೇ ಒಂದನ್ನು ಆರಿಸಿ ಎಂಟರ್ ಒತ್ತಿದರೆ ಅದು ಬಲಕ್ಕೆ ಕೂರುತ್ತದೆ. ವಿಂಡೋಸ್ ಕೀ ಜೊತೆ ಮೇಲಿನ ಬಾಣ ಒತ್ತಿದರೆ ಪರದೆ ತುಂಬ, ಕೆಳಗಿನ ಬಾಣ ಒತ್ತಿದರೆ ಮೊದಲಿನಷ್ಟಕ್ಕೆ, ಇನ್ನೊಮ್ಮೆ ಒತ್ತಿದರೆ ಕೆಳಗಿಳಿದು ಟಾಸ್ಕ್‌ಬಾರ್‌ಗೆ. ಎಡಕ್ಕೆ ಕೂರಿಸಿದ ಮೇಲೆ ಮೇಲಿನ ಬಾಣ ಒತ್ತಿದರೆ ಎಡ ಮೇಲ್ಮೂಲೆಯ ಕಾಲು ಭಾಗಕ್ಕೆ ಹೋಗುತ್ತದೆ. ಅರ್ಧಕ್ಕೆ ಕೂರಿಸುವುದು 2009ರ ವಿಂಡೋಸ್ 7ರಿಂದಲೇ ಇದೆ. ಮೂಲೆಗೆ ಕೂರಿಸುವುದು 2015ರ ವಿಂಡೋಸ್ 10ರಲ್ಲಿ ಬಂತು.

ಇದು ನನಗೆ ಎಷ್ಟು ಮುಖ್ಯ ಅನ್ನುವುದಕ್ಕೆ 2ಬಿ ತಾಳೆ ನೋಡುವ ಕೆಲಸವನ್ನೇ ಹೇಳುತ್ತೇನೆ. 2022ರ ಜನವರಿಯಿಂದ ನಿಯಮ ಬಿಗಿಯಾಗಿದೆ. ಮಾಲು ಕೊಟ್ಟವರು ತಮ್ಮ ರಿಟರ್ನಿನಲ್ಲಿ ಬಿಲ್ ತೋರಿಸಿ ಅದು ನಮ್ಮ 2ಬಿಯಲ್ಲಿ ಬಂದರೆ ಮಾತ್ರ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ. ಹಾಗಾಗಿ ಎಡಕ್ಕೆ ಟ್ಯಾಲಿಯ ಪರ್ಚೇಸ್ ರಿಜಿಸ್ಟರ್, ಬಲಕ್ಕೆ ಪೋರ್ಟಲ್‌ನಿಂದ ಇಳಿಸಿಕೊಂಡ 2ಬಿಯ ಎಕ್ಸೆಲ್. ಒಂದೊಂದೇ ಬಿಲ್ ನೋಡಬೇಕು. ಸೂರತ್‌ನಿಂದ ಬಂದ ಸೀರೆಯ ಬಿಲ್ಲು ಅಂದುಕೊಳ್ಳಿ. ನಮ್ಮ ಪುಸ್ತಕದಲ್ಲಿ ನಂಬರ್ 412, ಬೆಲೆ 84,000, ಟ್ಯಾಕ್ಸ್ 4,200. 2ಬಿಯಲ್ಲಿ 412 ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಹಿಂದೆ ಮೂರು ಅಕ್ಷರ, ಒಂದು ಓರೆಗೆರೆ, ಸೊನ್ನೆ, ಆಮೇಲೆ 412. ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಕಣ್ಣಿಗೆ ಒಂದೇ. ಎರಡೂ ಪಟ್ಟಿ ಅಕ್ಕಪಕ್ಕ ಇದ್ದಾಗ ಮಾತ್ರ ಕಣ್ಣು ಅದನ್ನು ಹಿಡಿಯುತ್ತದೆ. ಒಂದರ ಮೇಲೊಂದು ಇದ್ದು ಒಂದನ್ನು ಸರಿಸಿ ಇನ್ನೊಂದನ್ನು ನೋಡುವಾಗ ನಡುವೆ ಅಂಕಿಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಇರಬೇಕಾಗುತ್ತದೆ. ಫೋನ್ ಬಂದರೆ ಮುಗಿಯಿತು.

ಕೈಯ ವಿಷಯವೂ ಇದೆ. ನಮ್ಮ ಕೆಲಸದಲ್ಲಿ ಬಲಗೈಯ ಜಾಗ ಕೀಬೋರ್ಡಿನ ಬಲಗಡೆಯ ನಂಬರ್ ಪ್ಯಾಡ್. ತೋರುಬೆರಳು 4ರ ಮೇಲೆ, ನಡುಬೆರಳು 5ರ ಮೇಲೆ, ನೋಡದೆ ಹೊಡೆಯುವ ಅಭ್ಯಾಸ. ಮೌಸ್ ಹಿಡಿಯಬೇಕು ಅಂದರೆ ಪ್ರತಿ ಸಲ ಈ ಕೈಯನ್ನೇ ಎತ್ತಬೇಕು. ವಾಪಸ್ ಬಂದಾಗ ಬೆರಳು ಒಂದು ಮನೆ ಆಚೀಚೆ ಕೂತರೆ 4 ಹೋಗಿ 5 ಆಗುತ್ತದೆ. ಈಗ ಬಲಗೈ ಪ್ಯಾಡ್ ಬಿಟ್ಟು ಜಾಸ್ತಿ ಏಳುವುದೇ ಇಲ್ಲ. ಎಡಗೈ ಹೆಬ್ಬೆರಳು ಆಲ್ಟ್ ಮೇಲೆ, ಟ್ಯಾಬ್ ಮೇಲೆ ಇನ್ನೊಂದು ಬೆರಳು. ಒಂದು ಸಲ ಒತ್ತಿದರೆ ಟ್ಯಾಲಿಯಿಂದ ಎಕ್ಸೆಲ್, ಇನ್ನೊಂದು ಸಲ ಒತ್ತಿದರೆ ಎಕ್ಸೆಲ್‌ನಿಂದ ಟ್ಯಾಲಿ. ಸಂಜೆ ಹೊತ್ತಿಗೆ ಬಲ ಮಣಿಕಟ್ಟಿನಲ್ಲಿ ಬರುತ್ತಿದ್ದ ನೋವು ನನ್ನ ಮಟ್ಟಿಗೆ ತುಂಬ ಕಡಿಮೆಯಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ವಿಂಡೋವನ್ನು ಎಡಕ್ಕೆ ಕೂರಿಸಿದ ತಕ್ಷಣ ಬಲಗಡೆ ಆಯ್ಕೆಗಳು ಬಂದಾಗ ಕೀಬೋರ್ಡ್ ಆ ಆಯ್ಕೆಗಳ ಕೈಗೆ ಹೋಗಿರುತ್ತದೆ. ಅದನ್ನು ಗಮನಿಸದೆ ಟೈಪ್ ಮಾಡಿದರೆ ಅಂಕಿ ಎಲ್ಲಿಗೂ ಸೇರುವುದಿಲ್ಲ. ಬಲಕ್ಕೆ ಏನೂ ಬೇಡ ಅಂದರೆ ಎಸ್ಕೇಪ್ ಒತ್ತಿ ಮುಂದೆ ಹೋಗಿ. ಹಾಗೇ, ಕಂಟ್ರೋಲ್ ಜೊತೆ ಎ ಒತ್ತಿದರೆ ಟ್ಯಾಲಿಯಲ್ಲಿ ವೋಚರ್ ಸೇವ್ ಆಗುತ್ತದೆ, ಎಕ್ಸೆಲ್‌ನಲ್ಲಿ ಇಡೀ ಪಟ್ಟಿ ಸೆಲೆಕ್ಟ್ ಆಗುತ್ತದೆ. ಎಕ್ಸೆಲ್‌ನಲ್ಲಿ ಇದ್ದೇನೆ ಅನ್ನುವುದನ್ನು ಮರೆತು ಕಂಟ್ರೋಲ್ ಎ ಒತ್ತಿ, ಮುಂದಿನ ಅಂಕಿ ಹೊಡೆದರೆ ನಾವು ಇದ್ದ ಸೆಲ್‌ನಲ್ಲಿ ಮೊದಲಿದ್ದ ಅಂಕಿ ಹೋಗಿ ಇದು ಕೂರುತ್ತದೆ. ಕಂಟ್ರೋಲ್ ಜೆಡ್ ಇದೆ, ಆದರೂ ಎದೆ ಧಸಕ್ ಅನ್ನುತ್ತದೆ. ಕೈ ವೇಗವಾದಷ್ಟೂ ಯಾವ ವಿಂಡೋ ಮುಂದಿದೆ ಅಂತ ಕಣ್ಣು ಒಂದು ಸಲ ನೋಡಿಕೊಳ್ಳಬೇಕು.

ಟ್ಯಾಲಿ ಕಲಿತವರಿಗೆ ಕೀಬೋರ್ಡ್ ಹೊಸದೇನೂ ಅಲ್ಲ. ಆ ಕಂಪನಿ ನಮ್ಮ ಬೆಂಗಳೂರಿನದ್ದೇ. ಪೇಮೆಂಟಿಗೆ ಎಫ್5, ರಸೀದಿಗೆ ಎಫ್6, ಜರ್ನಲ್‌ಗೆ ಎಫ್7, ಸೇಲ್ಸಿಗೆ ಎಫ್8, ಪರ್ಚೇಸಿಗೆ ಎಫ್9. ಇವು ನಮ್ಮ ಬೆರಳಿನಲ್ಲೇ ಇವೆ. ಟ್ಯಾಲಿಯೊಳಗೆ ಮೌಸ್ ಮುಟ್ಟದ ನಾವು ಟ್ಯಾಲಿಯಿಂದ ಹೊರಗೆ ಬಂದ ತಕ್ಷಣ ಯಾಕೆ ಮೌಸ್ ಹುಡುಕುತ್ತೇವೆ? ಹೊರಗಿನದನ್ನು ನಮಗೆ ಯಾರೂ ಕಲಿಸಲಿಲ್ಲ, ಅದಕ್ಕೇ. ಕಂಪ್ಯೂಟರ್ ಕ್ಲಾಸಿನಲ್ಲಿ ಕಾಪಿ, ಪೇಸ್ಟ್, ಪ್ರಿಂಟ್ ಹೇಳಿಕೊಟ್ಟು ಬಿಟ್ಟರು.

ಈ ಒಂದು ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ವಿಂಡೋಸ್ ಕೀ ಜೊತೆ ಒಂದು ಅಂಕೆ. ಟಾಸ್ಕ್‌ಬಾರ್‌ನಲ್ಲಿ ಎಡದಿಂದ ಮೊದಲನೆಯದು 1, ಎರಡನೆಯದು 2, ಹೀಗೆ. ವಿಂಡೋಸ್ ಕೀ ಹಿಡಿದು 2 ಒತ್ತಿದರೆ ಎರಡನೇ ಜಾಗದಲ್ಲಿ ಇರುವುದು ಎದ್ದು ಮುಂದೆ ಬರುತ್ತದೆ. ತೆರೆದಿಲ್ಲದಿದ್ದರೆ ತೆರೆದುಕೊಳ್ಳುತ್ತದೆ. ಅದರದ್ದೇ ಎರಡು ಮೂರು ವಿಂಡೋ ಇದ್ದರೆ ಕೀ ಬಿಡದೆ ಅದೇ ಅಂಕೆಯನ್ನು ಮತ್ತೆ ಮತ್ತೆ ಒತ್ತಿ ಬೇಕಾದ್ದನ್ನು ಆರಿಸಬಹುದು. ಕಂಟ್ರೋಲನ್ನೂ ಸೇರಿಸಿ ಒತ್ತಿದರೆ ಅವುಗಳಲ್ಲಿ ಕೊನೆಗೆ ಬಳಸಿದ್ದು ಬರುತ್ತದೆ. ಶಿಫ್ಟ್ ಸೇರಿಸಿದರೆ ಅದರದ್ದೇ ಇನ್ನೊಂದು ಹೊಸ ವಿಂಡೋ ತೆರೆಯುತ್ತದೆ. ನಾನು ಟ್ಯಾಲಿಯನ್ನು 1ರಲ್ಲಿ, ಎಕ್ಸೆಲ್ 2ರಲ್ಲಿ, ಬ್ರೌಸರ್ 3ರಲ್ಲಿ, ವಾಟ್ಸಾಪ್ 4ರಲ್ಲಿ, ಫೋಲ್ಡರ್‌ಗಳನ್ನು 5ರಲ್ಲಿ ಪಿನ್ ಮಾಡಿ, ಅಂದರೆ ಜಾಗ ಕದಲದ ಹಾಗೆ ಕೂರಿಸಿ ಇಟ್ಟಿದ್ದೇನೆ.

ಆಲ್ಟ್ ಟ್ಯಾಬ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಹುಡುಗಿ ಕೇಳಿದಳು. ಅಡಿಗೆಮನೆಯ ಒಗ್ಗರಣೆ ಡಬ್ಬಿ ನೋಡು ಅಂದೆ. ಸಾಸಿವೆ ಯಾವ ಬಟ್ಟಲಲ್ಲಿ, ಜೀರಿಗೆ ಯಾವುದರಲ್ಲಿ ಅಂತ ನಾವು ನೋಡುವುದಿಲ್ಲ. ಎಣ್ಣೆ ಕಾದಿರುತ್ತದೆ, ಕೈ ತಾನೇ ಹೋಗುತ್ತದೆ. ಯಾಕೆಂದರೆ ಜಾಗ ಬದಲಾಗುವುದಿಲ್ಲ. ಆಲ್ಟ್ ಟ್ಯಾಬ್‌ನಲ್ಲಿ ಸಾಲು ಪ್ರತಿ ಸಲ ಬದಲಾಗುತ್ತದೆ. ಕೊನೆಗೆ ಮುಟ್ಟಿದ್ದು ಮೊದಲಿಗೆ ಬರುತ್ತದೆ. ಎರಡೇ ವಿಂಡೋ ನಡುವೆ ಓಡಾಡಲು ಅದು ಬಹಳ ಚೆನ್ನ. ಒಂಬತ್ತು ವಿಂಡೋ ಇದ್ದಾಗ ಪ್ರತಿ ಸಲ ಕಣ್ಣು ಹುಡುಕಬೇಕು. ಅಂಕೆಗೆ ಹುಡುಕಾಟ ಇಲ್ಲ. ಅಂಗಡಿಯವರು ಫೋನ್ ಮಾಡಿ "ಅಕ್ಕಾ, ಬಿಲ್ ಫೋಟೋ ಕಳಿಸಿದ್ದೀನಿ, ನೋಡ್ಬಿಡಿ" ಅಂದಾಗ ಫೋನ್ ಬಲಗೈಯಲ್ಲಿ ಇರುತ್ತದೆ. ಎಡಗೈ ಸುಮ್ನೆ ವಿಂಡೋಸ್ ಕೀ ಮತ್ತು 4 ಒತ್ತುತ್ತದೆ. ಅವರ ಮಾತು ಮುಗಿಯುವುದರೊಳಗೆ ಬಿಲ್ಲು ನನ್ನ ಕಣ್ಣ ಮುಂದೆ ಇರುತ್ತದೆ.

ನೀವು ಒಂದೇ ಒಂದನ್ನು ಕಲಿಯುವುದಾದರೆ ಇದನ್ನು ಕಲಿಯಿರಿ. ಮೊದಲ ವಾರ ಒಂದು ಚೀಟಿಯಲ್ಲಿ ಐದು ಹೆಸರು ಬರೆದು ಮಾನಿಟರ್ ಕೆಳಗೆ ಅಂಟಿಸಿ. ಜಾಗವನ್ನು ಮಾತ್ರ ಆಮೇಲೆ ಬದಲಾಯಿಸಬೇಡಿ.

ಇನ್ನು ಅಣ್ಣ ತಮ್ಮನ ಲೆಕ್ಕದ ವಿಷಯ. ಅದಕ್ಕೆ ಪರಿಹಾರ ಸಿಕ್ಕಿದ್ದು ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ. ಹೆಸರು ಕೇಳಿ ಹೆದರಬೇಕಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಮೇಜು ಇಟ್ಟುಕೊಂಡ ಹಾಗೆ. ವಿಂಡೋಸ್ ಕೀ, ಕಂಟ್ರೋಲ್, ಡಿ ಮೂರನ್ನೂ ಒಟ್ಟಿಗೆ ಒತ್ತಿದರೆ ಏನೂ ತೆರೆಯದ ಹೊಸ ಮೇಜು ಬರುತ್ತದೆ. ವಿಂಡೋಸ್ ಕೀ, ಕಂಟ್ರೋಲ್ ಹಿಡಿದು ಎಡ ಬಲ ಬಾಣ ಒತ್ತಿದರೆ ಒಂದು ಮೇಜಿನಿಂದ ಇನ್ನೊಂದಕ್ಕೆ. ವಿಂಡೋಸ್ ಕೀ ಜೊತೆ ಟ್ಯಾಬ್ ಒತ್ತಿದರೆ ಎಲ್ಲ ಮೇಜುಗಳೂ ಒಟ್ಟಿಗೆ ಕಾಣುತ್ತವೆ. ಅಲ್ಲೇ ಹೆಸರು ಬರೆಯಬಹುದು. ವಿಂಡೋಸ್ 11ರಲ್ಲಿ ಪ್ರತಿ ಮೇಜಿಗೂ ಬೇರೆ ಬೇರೆ ಹಿನ್ನೆಲೆ ಚಿತ್ರ ಹಾಕಬಹುದು.

ನನಗೆ ಈ ಹಿನ್ನೆಲೆ ಚಿತ್ರವೇ ದೊಡ್ಡ ಉಪಕಾರ ಮಾಡಿತು. ಅಣ್ಣನ ಮೇಜಿಗೆ ಬರೀ ಕಡು ನೀಲಿ, ತಮ್ಮನ ಮೇಜಿಗೆ ಅರಿಶಿನ ಬಣ್ಣ. ಒಬ್ಬರ ಮೇಜಿನಲ್ಲಿ ಅವರ ಎಕ್ಸೆಲ್, ಅವರ ಸ್ಟೇಟ್‌ಮೆಂಟ್, ಅವರ ಪೋರ್ಟಲ್ ಲಾಗಿನ್ ಇರುವ ಬ್ರೌಸರ್ ಮಾತ್ರ. ಆಲ್ಟ್ ಟ್ಯಾಬ್ ಒತ್ತಿದರೂ ಆ ಮೇಜಿನ ವಿಂಡೋಗಳೇ ಬರುತ್ತವೆ, ಇನ್ನೊಬ್ಬರದು ಕಣ್ಣಿಗೇ ಬೀಳುವುದಿಲ್ಲ. ಸೆಟ್ಟಿಂಗ್ಸ್ ಮುಟ್ಟದೆ ಇದ್ದರೆ ಅದು ಇರುವುದೇ ಹಾಗೆ. ಅವತ್ತಿನಿಂದ ಇವತ್ತಿನವರೆಗೆ ಒಬ್ಬರ ಅಂಕಿ ಇನ್ನೊಬ್ಬರ ಫೈಲಿಗೆ ಹೋಗಿಲ್ಲ. ಎಲ್ಲ ಗಿರಾಕಿಗಳಿಗೂ ಒಂದೊಂದು ಮೇಜು ಮಾಡಲು ಹೋಗಬೇಡಿ. ನಾನು ಮೊದಲ ತಿಂಗಳು ಏಳು ಮಾಡಿದ್ದೆ, ಯಾರ ಮೇಜು ಎಲ್ಲಿದೆ ಅಂತ ಹುಡುಕುವುದೇ ಕೆಲಸವಾಯಿತು. ಮೂರು ಸಾಕು. ಒಂದು ಈಗ ಮಾಡುತ್ತಿರುವ ಗಿರಾಕಿಯದು, ಒಂದು ಮುಂದಿನವರದು, ಒಂದು ಮೇಲ್, ವಾಟ್ಸಾಪ್‌ನಂಥದ್ದಕ್ಕೆ.

ಕೊರತೆ ಅಂದರೆ, ಕಂಪ್ಯೂಟರ್ ಆಫ್ ಮಾಡಿ ಮತ್ತೆ ಹಾಕಿದಾಗ ಮೇಜುಗಳ ಹೆಸರು ಉಳಿಯುತ್ತದೆ, ಅವುಗಳ ಮೇಲೆ ಇದ್ದ ವಿಂಡೋಗಳು ಇದ್ದ ಹಾಗೆ ವಾಪಸ್ ಬರುವುದಿಲ್ಲ. ಬೆಳಿಗ್ಗೆ ಮತ್ತೆ ಜೋಡಿಸಿಕೊಳ್ಳಬೇಕು. 14ರಿಂದ 20ರವರೆಗೆ ನಾನು ಶಟ್‌ಡೌನ್ ಮಾಡುವುದೇ ಇಲ್ಲ, ರಾತ್ರಿ ಸ್ಲೀಪ್‌ನಲ್ಲಿ ಬಿಡುತ್ತೇನೆ. ಯುಪಿಎಸ್ ಇದೆ. ಇನ್ನೊಂದು ಒಳ್ಳೆಯ ವಿಷಯವನ್ನೂ ಹೇಳಬೇಕು. ವಿಂಡೋಸ್ ಕೀ, ಕಂಟ್ರೋಲ್, ಎಫ್4 ಒತ್ತಿ ಒಂದು ಮೇಜನ್ನು ತೆಗೆದುಹಾಕಿದರೆ ಅದರ ಮೇಲಿದ್ದ ವಿಂಡೋಗಳು ಮುಚ್ಚಿಹೋಗುವುದಿಲ್ಲ, ಪಕ್ಕದ ಮೇಜಿಗೆ ಬಂದು ಸೇರುತ್ತವೆ. ಹಾಗಾಗಿ ಧೈರ್ಯವಾಗಿ ಪ್ರಯೋಗ ಮಾಡಬಹುದು.

ಚಿಕ್ಕ ಚಿಕ್ಕವು ಇನ್ನೂ ಇವೆ. ವಿಂಡೋಸ್ ಮತ್ತು ಡಿ ಒತ್ತಿದರೆ ಎಲ್ಲ ವಿಂಡೋ ಕೆಳಗಿಳಿದು ಡೆಸ್ಕ್‌ಟಾಪ್ ಕಾಣುತ್ತದೆ, ಮತ್ತೆ ಒತ್ತಿದರೆ ಎಲ್ಲ ವಾಪಸ್. ವಿಂಡೋಸ್ ಮತ್ತು ಹೋಮ್ ಒತ್ತಿದರೆ ಈಗ ಕೆಲಸ ಮಾಡುತ್ತಿರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೆಳಗೆ. ಗಿರಾಕಿ ಎದುರಿಗೆ ಬಂದು ಕೂತಾಗ ಇನ್ನೊಬ್ಬರ ಲೆಕ್ಕ ಅವರ ಕಣ್ಣಿಗೆ ಬೀಳಬಾರದು. ಅದಕ್ಕೆ ನನಗೆ ಈ ಹೋಮ್ ಬೇಕೇ ಬೇಕು. ಕಾಫಿಗೆ ಏಳುವಾಗ ವಿಂಡೋಸ್ ಮತ್ತು ಎಲ್, ಪರದೆ ಲಾಕ್. ಎರಡು ಮಾನಿಟರ್ ಇದ್ದರೆ ವಿಂಡೋಸ್, ಶಿಫ್ಟ್ ಹಿಡಿದು ಎಡ ಅಥವಾ ಬಲ ಬಾಣ ಒತ್ತಿ, ವಿಂಡೋ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಬ್ರೌಸರ್‌ನಲ್ಲಿ ತಪ್ಪಿ ಟ್ಯಾಬ್ ಮುಚ್ಚಿದರೆ ಕಂಟ್ರೋಲ್, ಶಿಫ್ಟ್, ಟಿ.

ಕ್ಯಾಲ್ಕುಲೇಟರ್ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳುತ್ತೇನೆ. ವಿಂಡೋಸ್ ಕ್ಯಾಲ್ಕುಲೇಟರನ್ನು ಸ್ಟ್ಯಾಂಡರ್ಡ್‌ನಲ್ಲಿ ಇಟ್ಟು ಆಲ್ಟ್ ಮತ್ತು ಮೇಲಿನ ಬಾಣ ಒತ್ತಿದರೆ ಅದು ಚಿಕ್ಕದಾಗಿ ಎಲ್ಲ ವಿಂಡೋಗಳ ಮೇಲೆ ನಿಲ್ಲುತ್ತದೆ. ಬೇರೆ ಏನು ತೆರೆದರೂ ಹಿಂದೆ ಸರಿಯುವುದಿಲ್ಲ. ಆಲ್ಟ್ ಮತ್ತು ಕೆಳಗಿನ ಬಾಣ ಒತ್ತಿದರೆ ಮಾಮೂಲಿಗೆ ಬರುತ್ತದೆ. ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದ ಕ್ಯಾಲ್ಕುಲೇಟರನ್ನು ನಾನು ಈಗ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಅದರ ಜೊತೆ ಬಂದದ್ದು ವಿಂಡೋಸ್ ಮತ್ತು ಜೆಡ್. ಇದನ್ನು ಒತ್ತಿದರೆ ಪರದೆಯನ್ನು ಎರಡು, ಮೂರು, ನಾಲ್ಕು ಭಾಗ ಮಾಡುವ ಪುಟ್ಟ ನಕ್ಷೆಗಳು ಬರುತ್ತವೆ. ಪ್ರತಿಯೊಂದರ ಮೇಲೂ ಅಂಕೆ ಇರುತ್ತದೆ, ಅಂಕೆ ಒತ್ತಿ ಜಾಗ ಆರಿಸಬಹುದು. ನೋಡಲು ಚೆನ್ನಾಗಿದೆ. ನಾನು ಮಾತ್ರ ಜಾಸ್ತಿ ಬಳಸುವುದಿಲ್ಲ. ನನ್ನದು 22 ಇಂಚಿನ ಮಾನಿಟರ್, ಅದರಲ್ಲಿ ನಾಲ್ಕು ಭಾಗ ಮಾಡಿದರೆ ಎಕ್ಸೆಲ್‌ನ ಕಾಲಂಗಳು ಕಾಣುವುದಿಲ್ಲ. ನನ್ನ ಕೆಲಸಕ್ಕೆ ಎರಡೇ ಭಾಗ ಸರಿ. ಅಗಲವಾದ ಮಾನಿಟರ್ ಇರುವವರಿಗೆ ಇದು ತುಂಬ ಉಪಯೋಗ. ಅಂಥವರು ಮೈಕ್ರೋಸಾಫ್ಟ್‌ನವರೇ ಬಿಟ್ಟಿಯಾಗಿ ಕೊಡುವ ಪವರ್‌ಟಾಯ್ಸ್ ಹಾಕಿಕೊಂಡರೆ ಅದರಲ್ಲಿ ಫ್ಯಾನ್ಸಿಝೋನ್ಸ್ ಅಂತ ಇದೆ. ತಮಗೆ ಬೇಕಾದ ಅಳತೆಗೆ ಪರದೆಯನ್ನು ಭಾಗ ಮಾಡಿಕೊಳ್ಳಬಹುದು. ಅದರಲ್ಲೇ ವಿಂಡೋಸ್, ಕಂಟ್ರೋಲ್, ಟಿ ಒತ್ತಿ ಯಾವ ವಿಂಡೋವನ್ನಾದರೂ ಎಲ್ಲದರ ಮೇಲೆ ನಿಲ್ಲಿಸಬಹುದು. ನನಗೆ ಈ ಟಿ ಒಂದಕ್ಕಾಗಿಯೇ ಪವರ್‌ಟಾಯ್ಸ್ ಬೇಕು.

ಓದಿದಾಗ ಒಂದು ವಿಷಯ ತಿಳಿದು ಖುಷಿಯಾಯಿತು. 1985ರಲ್ಲಿ ಬಂದ ಮೊಟ್ಟಮೊದಲ ವಿಂಡೋಸ್‌ನಲ್ಲಿ ವಿಂಡೋಗಳು ಒಂದರ ಮೇಲೊಂದು ಬರುತ್ತಲೇ ಇರಲಿಲ್ಲವಂತೆ, ಅಕ್ಕಪಕ್ಕ ಹಂಚಿನ ಹಾಗೆ ಕೂರುತ್ತಿದ್ದವಂತೆ. ಒಂದರ ಮೇಲೊಂದು ಇಡುವುದು ಬಂದದ್ದು 1987ರ ಎರಡನೇ ವಿಂಡೋಸ್‌ನಲ್ಲಿ. ಅಷ್ಟು ವರ್ಷ ಒಂದರ ಮೇಲೊಂದು ಪೇರಿಸಿಟ್ಟ ನಾವು ಈಗ ಮತ್ತೆ ಅಕ್ಕಪಕ್ಕ ಇಡುವುದನ್ನು ಕಲಿಯುತ್ತಿದ್ದೇವೆ. ವಿಂಡೋಸ್ ಕೀ ಕೂಡ ಮೊದಲಿನಿಂದ ಇದ್ದದ್ದಲ್ಲ. ಅದು ಕೀಬೋರ್ಡಿಗೆ ಬಂದದ್ದು 1994ರಲ್ಲಿ.

ಮ್ಯಾಕ್ ಇರುವವರಿಗೆ ಒಂದು ಮಾತು. ನನ್ನ ತಂಗಿಯದು ಮ್ಯಾಕ್. ಅದರಲ್ಲಿ ವಿಂಡೋಗಳನ್ನು ಅರ್ಧ ಅರ್ಧ ಕೂರಿಸುವ ಕೀಗಳು 2024ರ ಸೆಕೋಯಾ ಅನ್ನುವ ಆವೃತ್ತಿಯಲ್ಲಿ ಬಂದಿವೆ. ಫಂಕ್ಷನ್ ಕೀ, ಕಂಟ್ರೋಲ್ ಹಿಡಿದು ಬಾಣ ಒತ್ತಿದರೆ ಆಯಿತು.

ಇದೆಲ್ಲ ನನ್ನ ಮೇಜಿನ ಮೇಲಿನ ಮಾತಾಯಿತು. ಬೇರೆಯವರ ಕಂಪ್ಯೂಟರಿನ ಮುಂದೆ ಇದು ಹೇಗೆ ಒದಗಿತು ಅನ್ನುವುದನ್ನೂ ಹೇಳುತ್ತೇನೆ. ಗ್ರೀನ್ ಲೈನ್ ಮೆಟ್ರೋದಲ್ಲಿ ಚಿಕ್ಕಪೇಟೆಯಲ್ಲಿ ಇಳಿದು ಒಂದು ಸೀರೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಸಪ್ಪೆ ಮುಖ ಮಾಡಿ ಕೂತಿದ್ದ. "ಅಕ್ಕಾ, ಸ್ಟಾಕ್ ಫೈಲ್ ತೆರೆದಿದೆ ಅಂತ ಕೆಳಗೆ ತೋರಿಸ್ತಿದೆ. ಮೇಲೆ ಮಾತ್ರ ಏನೂ ಕಾಣ್ತಿಲ್ಲ. ಡಿಲೀಟ್ ಆಗೋಯ್ತಾ?" ಅಂದ. ಹಿಂದಿನ ದಿನ ಮನೆಯಲ್ಲಿ ದೊಡ್ಡ ಮಾನಿಟರ್‌ಗೆ ಹಾಕಿ ಕೆಲಸ ಮಾಡಿದ್ದನಂತೆ. ವಿಂಡೋ ಆ ಮಾನಿಟರ್ ಇದ್ದ ಕಡೆಯೇ ಉಳಿದುಬಿಟ್ಟಿತ್ತು. ಈಗ ಆ ಮಾನಿಟರ್ ಇಲ್ಲ, ವಿಂಡೋ ಪರದೆಯ ಆಚೆ ಇದೆ.

ಆಲ್ಟ್ ಟ್ಯಾಬ್ ಒತ್ತಿ ಆ ಫೈಲಿಗೆ ಬಂದೆ. ಆಲ್ಟ್ ಹಿಡಿದು ಸ್ಪೇಸ್ ಒತ್ತಿದೆ. ಆಮೇಲೆ ಎಂ. ಆಮೇಲೆ ಒಂದೇ ಒಂದು ಸಲ ಎಡ ಬಾಣ. ಈಗ ಮೌಸ್ ಅಲ್ಲಾಡಿಸಿದರೆ ವಿಂಡೋ ಅದಕ್ಕೆ ಅಂಟಿಕೊಂಡು ಪರದೆಯ ಒಳಗೆ ಬಂತು. ಒಂದು ಕ್ಲಿಕ್ ಮಾಡಿ ಅಲ್ಲೇ ಬಿಟ್ಟೆ. ಮೂರು ಸಾವಿರ ಸೀರೆಯ ಸ್ಟಾಕ್ ಪಟ್ಟಿ ಹಾಗೇ ಇತ್ತು. ಹುಡುಗ ನನ್ನ ಕೈಯನ್ನೇ ನೋಡುತ್ತಿದ್ದ. "ಇನ್ನೊಂದ್ಸಲ ತೋರ್ಸಿ ಅಕ್ಕ, ಬರ್ಕೋತೀನಿ" ಅಂತ ಬಿಲ್ ಪುಸ್ತಕದ ಹಿಂದುಗಡೆ ಬರೆದುಕೊಂಡ. ಅವರಪ್ಪ ಕಾಫಿ ತರಿಸಿದರು.

ಕೀಬೋರ್ಡ್ ಬಗ್ಗೆಯೂ ಹೇಳದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ಇವೆಲ್ಲ ಕಷ್ಟ. ಎಷ್ಟೋ ಮಾಡೆಲ್‌ಗಳಲ್ಲಿ ಹೋಮ್‌ಗೆ ಬೇರೆ ಕೀ ಇರುವುದಿಲ್ಲ, ಫಂಕ್ಷನ್ ಕೀ ಜೊತೆ ಒತ್ತಬೇಕು. ಮೇಲೆ ಕೆಳಗೆ ಬಾಣಗಳು ಅರ್ಧ ಅಳತೆಯವು, ಬೆರಳು ಜಾರುತ್ತದೆ. ಎಸ್‌ಪಿ ರೋಡಿಗೆ ಹೋಗಿ ಪೂರ್ತಿ ಅಳತೆಯ, ವೈರ್ ಇರುವ ಸಾದಾ ಕೀಬೋರ್ಡ್ ತಂದೆ. 650 ರೂಪಾಯಿ. ಅಂಗಡಿಯಲ್ಲಿ ಬಣ್ಣ ಬಣ್ಣದ ಲೈಟ್ ಇರುವುದನ್ನೇ ಮೊದಲು ತೋರಿಸುತ್ತಾರೆ. ನಮಗೆ ಬೇಕಾದ್ದು ಬೇರೆ. ನಂಬರ್ ಪ್ಯಾಡ್ ಇರಲಿ, ಬಾಣಗಳು ಬೇರೆಯಾಗಿ ಪೂರ್ತಿ ಅಳತೆಯಲ್ಲಿ ಇರಲಿ, ಹೋಮ್ ಮತ್ತು ಎಂಡ್ ಬೇರೆ ಇರಲಿ, ಎಡಗಡೆ ವಿಂಡೋಸ್ ಕೀ ದೊಡ್ಡದಾಗಿ ಇರಲಿ. ಅಂಗಡಿಯಲ್ಲೇ ಎಡ ಹೆಬ್ಬೆರಳು ವಿಂಡೋಸ್ ಕೀ ಮೇಲಿಟ್ಟು ಬಲಗೈಯಿಂದ ಬಾಣ ಒತ್ತಿ ನೋಡಿ. ಕೈ ತಿರುಚಬೇಕಾಗಿ ಬಂದರೆ ಆ ಕೀಬೋರ್ಡ್ ಬಿಡಿ.

ಕೊನೆಯದಾಗಿ ನನಗೆ ಲೆಕ್ಕ ಕಲಿಸಿದ ಸರ್ ವಿಷಯ. ಎಪ್ಪತ್ತು ದಾಟಿದೆ, ಮಲ್ಲೇಶ್ವರದಲ್ಲಿ ಇದ್ದಾರೆ, ಈಗಲೂ ನಾಲ್ಕೈದು ಹಳೆಯ ಗಿರಾಕಿಗಳ ಲೆಕ್ಕ ನೋಡುತ್ತಾರೆ. ಎಡಗೈ ಬೆರಳುಗಳು ಈಗ ಅವರ ಮಾತು ಅಷ್ಟಾಗಿ ಕೇಳುವುದಿಲ್ಲ. ನಾನು ಈ ಕೀಗಳ ಬಗ್ಗೆ ಉತ್ಸಾಹದಿಂದ ಹೇಳುತ್ತಿದ್ದರೆ ಅವರು ಸುಮ್ಮನೆ ಕೇಳಿದರು. "ನನಗೆ ಎರಡು ಕೀ ಒಟ್ಟಿಗೆ ಹಿಡಿಯಕ್ಕಾಗಲ್ಲ ಕಣಮ್ಮ" ಅಂದರು.

"ಒಟ್ಟಿಗೆ ಹಿಡಿಯಬೇಕಿಲ್ಲ ಸರ್" ಅಂದೆ. ಶಿಫ್ಟ್ ಕೀಯನ್ನು ಐದು ಸಲ ಒತ್ತಿದೆ. ಸ್ಟಿಕಿ ಕೀಸ್ ಬೇಕಾ ಅಂತ ಕೇಳಿತು, ಹೌದು ಅಂದೆ. ಇದನ್ನು ಹಾಕಿದ ಮೇಲೆ ವಿಂಡೋಸ್ ಕೀ ಒತ್ತಿ ಬಿಟ್ಟು, ಆಮೇಲೆ ನಿಧಾನವಾಗಿ ಬಾಣ ಒತ್ತಿದರೂ ಎರಡನ್ನೂ ಒಟ್ಟಿಗೆ ಒತ್ತಿದ ಹಾಗೇ ಕೆಲಸ ಮಾಡುತ್ತದೆ. ಒಂದೇ ಕೈಯಲ್ಲಿ, ಒಂದೇ ಬೆರಳಲ್ಲಿ ಆಗುತ್ತದೆ. ಒಂದು ವಿಷಯ ನೆನಪಿಡಿ. ಬೇರೆ ಯಾರಾದರೂ ಬಂದು ಎರಡು ಕೀ ಒಟ್ಟಿಗೆ ಒತ್ತಿದರೆ ಇದು ತಾನೇ ಆಫ್ ಆಗುವ ಹಾಗೆ ಇಟ್ಟಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಅದನ್ನು ತೆಗೆದುಬಿಡಿ. ಸರ್ ಮನೆಯಲ್ಲಿ ಮೊಮ್ಮಕ್ಕಳು ಓಡಾಡುವುದರಿಂದ ನಾನು ಅವತ್ತೇ ತೆಗೆದೆ.

ಸರ್ ಬಲಗೈ ತೋರುಬೆರಳಿನಿಂದ ವಿಂಡೋಸ್ ಕೀ ಒತ್ತಿದರು. ಬಿಟ್ಟರು. ಎಡ ಬಾಣ ಒತ್ತಿದರು. ಟ್ಯಾಲಿ ಎಡಕ್ಕೆ ಹೋಗಿ ಕೂತಿತು. ಮತ್ತೆ ವಿಂಡೋಸ್ ಕೀ, ಬಲ ಬಾಣ. ಮತ್ತೆ ಎಡ. ಹೀಗೆ ಏಳೆಂಟು ಸಲ ಮಾಡಿದರು. ಆ ಕೀ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ ಅಂದಾಗ ಅವರ ಮನೆಯವರು ಒಳಗಿನಿಂದ ಒಂದು ಕೆಂಪು ಸ್ಟಿಕ್ಕರ್ ಬಿಂದಿ ತಂದು ಅದರ ಮೇಲೆ ಅಂಟಿಸಿದರು. ಆಮೇಲೆ ಟಾಸ್ಕ್‌ಬಾರ್‌ನಲ್ಲಿ 1ಕ್ಕೆ ಯಾವುದು, 2ಕ್ಕೆ ಯಾವುದು ಅಂತ ನಾವಿಬ್ಬರೂ ಕೂತು ಜೋಡಿಸಿದೆವು. ಅವರು ಟ್ಯಾಲಿಯನ್ನು 1ಕ್ಕೆ ಇಡಿಸಿದರು. 2ಕ್ಕೆ ಎಕ್ಸೆಲ್ ಇಡಲಾ ಸರ್ ಅಂತ ಕೇಳಿದರೆ, "ಬೇಡಮ್ಮ, ಅದು 3ಕ್ಕಿರಲಿ. 2ಕ್ಕೆ ಕ್ಯಾಲ್ಕುಲೇಟರ್ ಇಡು" ಅಂದರು.